ಲೆಕ್ಕಕ್ಕೆ ಸಿಗದ ಕೌಶಲ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ದುಡಿಮೆ ಮತ್ತು ತರಬೇತಿ

ಭಾರತದಲ್ಲಿ ದುಡಿಯುವವರ ಪೈಕಿ ಔಪಚಾರಿಕ ಕೌಶಲ ತರಬೇತಿ ಪಡೆದವರು ಶೇ 4.69 ಮಾತ್ರ ಎಂದು ಕೇಂದ್ರ ಸರ್ಕಾರ 2015ರಲ್ಲಿ ಹೊರತಂದ ರಾಷ್ಟ್ರೀಯ ಕೌಶಲ ಅಭಿವೃದ್ಧಿ ಮತ್ತು ಉದ್ಯಮಶೀಲತಾ ನೀತಿ ಅಂದಾಜಿಸಿದೆ. ಹೋಲಿಕೆಗಾಗಿ ಅದೇ ದಾಖಲೆ ಕೊಡುವ ಅಂಕಿಗಳಲ್ಲಿ ಅಮೆರಿಕದ್ದು ಶೇ 52, ಜರ್ಮನಿಯದು ಶೇ 75, ಜಪಾನಿನದು ಶೇ 80, ದಕ್ಷಿಣ ಕೊರಿಯಾದ್ದು ಶೇ 96. ಈ ಲೆಕ್ಕವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ತಂದರೆ ವಿಚಿತ್ರವಾದ ಚಿತ್ರ ಕಾಣುತ್ತದೆ. ಮೊಳಕಾಲ್ಮೂರಿನ ಗುಂಡಿ ಮಗ್ಗದಲ್ಲಿ ಅರ್ಧ ಆಯುಷ್ಯ ಕೂತು ರೇಷ್ಮೆ ಸೀರೆ ನೇಯ್ದ ನೇಕಾರರು ಅದರಲ್ಲಿ ತರಬೇತಿ ಇಲ್ಲದವರು. ಹಟ್ಟಿಯ ಮುಂದೆ ಕೂತು ಕರಿ ಉಣ್ಣೆಯನ್ನು ಎಳೆ ಕಡಿಯದಂತೆ ನೂಲುವ ಹೆಂಗಸರೂ ತರಬೇತಿ ಇಲ್ಲದವರೇ. ಮೂರು ತಿಂಗಳ ಕೋರ್ಸು ಮುಗಿಸಿ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಅಲೆಯುವ ಯುವಕ ಮಾತ್ರ ತರಬೇತಿ ಪಡೆದವರ ಪಟ್ಟಿಯಲ್ಲಿದ್ದಾನೆ.

ಬೆಳೆಯುತ್ತಿರುವ ಆರ್ಥಿಕತೆಗಳಲ್ಲಿ ಕೌಶಲದ ಯೋಜನೆಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಜನರಿಗೆ ಏನೂ ಗೊತ್ತಿಲ್ಲ ಎಂದು ಹಿಡಿದು ಯೋಜನೆ ಶುರುವಾಗುತ್ತದೆ. ಗೊತ್ತಿರುವುದು ಏನು, ಅದಕ್ಕೆ ಕೂಲಿ ಎಷ್ಟು ಹುಟ್ಟುತ್ತಿದೆ, ಅದನ್ನು ಮುಂದಿನವರಿಗೆ ಕಲಿಸುವ ಖರ್ಚು ಯಾರ ತಲೆಯ ಮೇಲಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಕೌಶಲಕ್ಕೆ ತಕ್ಕ ಪ್ರತಿಫಲ ಇಲ್ಲದ ಕಡೆ ತರಬೇತಿ ಕೇಂದ್ರ ಎಷ್ಟು ಚೆನ್ನಾಗಿದ್ದರೂ ಕಲಿತವರು ಆ ಕಸುಬಿನಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಜ್ 1960ರ ದಶಕದ ಆರಂಭದಲ್ಲಿ ಮನುಷ್ಯರ ಜ್ಞಾನ ಮತ್ತು ಆರೋಗ್ಯದ ಮೇಲೆ ಮಾಡುವ ವೆಚ್ಚವೂ ಬಂಡವಾಳವೇ ಎಂದು ವಾದಿಸಿದರು. ಬಂಡವಾಳ ಎಂದ ಮೇಲೆ ಅದನ್ನು ಹಾಕಿದವರಿಗೆ ಗಿಟ್ಟಬೇಕು. ಗಿಟ್ಟದಿದ್ದರೆ ಮುಂದಿನ ತಲೆಮಾರು ಅದನ್ನು ಹಾಕುವುದಿಲ್ಲ. ಮೊಳಕಾಲ್ಮೂರಿನ ಮಗ್ಗಗಳಲ್ಲಿ ಆಗಿರುವುದು ಇದೇ.

ಈ ಸೀಮೆ ಕರ್ನಾಟಕದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ಮಳೆ ನಂಬಿ ಬಿತ್ತುವ ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸುವುದು ಪಶು, ಕುರಿ, ಮಗ್ಗ, ಇಲ್ಲವೇ ಗುಳೆ. ಹಾಗಾಗಿ ಇಲ್ಲಿ ಕೈಕಸುಬು ಬೇಸಾಯದ ಪಕ್ಕದ ಉಪಕಸುಬಾಗಿ ಉಳಿಯಲಿಲ್ಲ, ಬರಗಾಲದ ಆಸರೆಯಾಗಿ ಬೆಳೆಯಿತು. ಮ್ಯಾಸಬೇಡರು ಮತ್ತು ಕಾಡುಗೊಲ್ಲರ ಪಶುಪಾಲನೆ, ಕುರುಬರ ಕುರಿ ಮತ್ತು ಕಂಬಳಿ, ನೇಕಾರ ಸಮುದಾಯಗಳ ರೇಷ್ಮೆ, ಚಳ್ಳಕೆರೆ ಪೇಟೆಯ ಎಣ್ಣೆ ಗಿರಣಿ: ಎಲ್ಲದರ ಹಿಂದೆಯೂ ನೀರಿಲ್ಲದ ನೆಲದಲ್ಲಿ ಬದುಕು ಕಟ್ಟಿಕೊಂಡ ಜಾಣ್ಮೆ ಇದೆ.

ಮೊಳಕಾಲ್ಮೂರು ಸೀರೆಯಿಂದಲೇ ವಿವರವಾಗಿ ನೋಡಬಹುದು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಸೀರೆ ಒಬ್ಬರ ಕೈಯಿಂದ ಆಗುವಂಥದ್ದಲ್ಲ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟು. ಅದನ್ನು ಕುದಿಸಿ ತೆಗೆಯುವಾಗ ಬಿಸಿ ಹೆಚ್ಚಾದರೆ ಎಳೆ ಸಾಯುತ್ತದೆ, ಕಡಿಮೆಯಾದರೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಾಕುವವರು ಒಂದೇ ಕೆಂಪನ್ನು ಹಾಸಿನ ಎಲ್ಲ ಎಳೆಗಳಿಗೂ ಒಂದೇ ಸಮನಾಗಿ ಕೊಡಬೇಕು. ಹುರಿ ಕೊಡುವುದು, ರಾಟೆಯಲ್ಲಿ ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು, ಇವೆಲ್ಲ ಮುಗಿದ ಮೇಲೆ ಮಗ್ಗಕ್ಕೆ ಕೂರುವ ಸರದಿ. ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣವಾಗಿರುವ ಸೀರೆಗೆ ಮೂರು ಲಾಳಿ ಬೇಕು. ಎರಡು ಬಣ್ಣದ ಹೊಕ್ಕು ಕೂಡುವ ಕಡೆ ಒಂದನ್ನೊಂದು ಹೆಣೆದುಕೊಳ್ಳಬೇಕು; ಎಳೆತ ಸ್ವಲ್ಪ ಸಡಿಲವಾದರೂ ಅಂಚು ಸುಕ್ಕುಗಟ್ಟುತ್ತದೆ, ಬಿಗಿಯಾದರೆ ಒಡಲು ಎಳೆಯುತ್ತದೆ. ಎಷ್ಟು ಬಿಗಿ ಸಾಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಬರೆದು ಹೇಳಲಾರದು. ಹಲಗೆ ಎಳೆಯುವ ತೋಳಿಗೆ, ತುಳಿಯುವ ಕಾಲಿಗೆ ಅದು ವರ್ಷಗಟ್ಟಲೆ ಅಭ್ಯಾಸವಾಗಬೇಕು.

ಈ ಸರಪಳಿಯ ಬಹುಪಾಲು ಕೆಲಸ ಹೆಂಗಸರದು. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಗುರುತಿಸಿತು. ಅವರಲ್ಲಿ ಶೇ 72ರಷ್ಟು ಮಹಿಳೆಯರು. ರೇಷ್ಮೆ ನೇಯ್ಗೆಯ ಊರುಗಳಲ್ಲಿ ಮಗ್ಗಕ್ಕೆ ಕೂರುವವರು ಗಂಡಸರಾದರೆ ಕಂಡಿಕೆ, ಹಾಸು, ಕೂಡಿಸುವ ಕೆಲಸ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಮಜೂರಿಯನ್ನು ಸೀರೆಗೆ ಇಷ್ಟು ಎಂದು ಕೊಡುವುದರಿಂದ ಈ ಕೆಲಸಕ್ಕೆ ಪ್ರತ್ಯೇಕ ಬೆಲೆ ಹುಟ್ಟುವುದಿಲ್ಲ. ಸೀರೆಯೊಂದರ ಕೂಲಿಯನ್ನು ಇಡೀ ಮನೆ ದುಡಿದ ಗಂಟೆಗಳಿಗೆ ಹಂಚಿ ನೋಡದ ಹೊರತು ನೇಕಾರರ ಗಳಿಕೆಯ ಬಗ್ಗೆ ಆಡುವ ಮಾತೆಲ್ಲ ಅರ್ಧ ಸತ್ಯವೇ.

ಕಲಿಕೆಯ ಹಳೆಯ ಕ್ರಮ ಮನೆಯೊಳಗೇ ನಡೆಯುತ್ತಿತ್ತು. ಮಗು ಮೊದಲು ಕಂಡಿಕೆ ಸುತ್ತುತ್ತಿತ್ತು, ಆಮೇಲೆ ಮಗ್ಗದ ಪಕ್ಕ ಕೂತು ಆ ಬದಿಯ ಲಾಳಿ ಎಸೆಯುತ್ತಿತ್ತು, ಮೀಸೆ ಮೂಡುವ ಹೊತ್ತಿಗೆ ಸಾದಾ ಸೀರೆ ನೇಯುತ್ತಿತ್ತು. ಆ ಪದ್ಧತಿಯನ್ನು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ: ಅದರ ಶುಲ್ಕ ಮಗುವಿನ ಶಾಲೆಯಾಗಿತ್ತು. ಬಾಲಕಾರ್ಮಿಕ ಪದ್ಧತಿಯನ್ನು ತಡೆಯುವ 1986ರ ಕಾಯ್ದೆ, 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಇವು ಮಕ್ಕಳನ್ನು ಮಗ್ಗದಿಂದ ಬಿಡಿಸಿ ಬೆಂಚಿನ ಮೇಲೆ ಕೂರಿಸಿದ್ದು ಸರಿಯಾದ ಕೆಲಸ. ಆದರೆ ಮನೆಯೆಂಬ ಆ ಶಾಲೆ ಮುಚ್ಚಿದಾಗ ಅದರ ಜಾಗಕ್ಕೆ ಬೇರೆ ಶಾಲೆ ಬರಲಿಲ್ಲ. ಈಗ ನೇಕಾರರ ಮಕ್ಕಳು ಎಸ್‌ಎಸ್‌ಎಲ್‌ಸಿಯೋ ಪಿಯುಸಿಯೋ ಮುಗಿಸಿದಾಗ ಮಗ್ಗದ ಓನಾಮವೂ ಗೊತ್ತಿರುವುದಿಲ್ಲ. ಆ ವಯಸ್ಸಿಗೆ ಕಲಿಯಲು ಕೂತರೆ ಪೂರ್ತಿ ಕೂಲಿ ಹುಟ್ಟಲು ವರ್ಷವೆರಡು ವರ್ಷ ಬೇಕು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೋ ಬಳ್ಳಾರಿಯ ಜೀನ್ಸ್ ಹೊಲಿಗೆಗೋ ಹೋದವನ ಕೈಗೆ ತಿಂಗಳ ಸಂಬಳ ಬಂದಿರುತ್ತದೆ. ಯುವಕರಿಗೆ ಕಸುಬಿನ ಮೇಲೆ ಪ್ರೀತಿ ಇಲ್ಲ ಎಂಬ ದೂರು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಕಲಿಸುವ ಖರ್ಚನ್ನು ರೇಷ್ಮೆ, ಜರಿ ಕೊಟ್ಟು ನೇಯಿಸುವ ಮಾಲೀಕರು ಯಾಕೆ ಹೊರುವುದಿಲ್ಲ? ಇದಕ್ಕೆ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ಕೊಟ್ಟ ವಿವರಣೆ ಹೊಂದುತ್ತದೆ. ಎಲ್ಲಿ ಬೇಕಾದರೂ ನಡೆಯುವ ಕೌಶಲವನ್ನು ಒಬ್ಬ ಮಾಲೀಕ ತನ್ನ ಖರ್ಚಿನಲ್ಲಿ ಕಲಿಸಿದರೆ ಕಲಿತವರು ನಾಳೆ ಪಕ್ಕದವರ ಬಳಿ ಹೋಗಬಹುದು. ಕಲಿಸಿದವರಿಗೆ ನಷ್ಟ, ಕರೆದುಕೊಂಡವರಿಗೆ ಲಾಭ. ಆದ್ದರಿಂದ ಮಾಲೀಕರು ಕಲಿಸುವುದಿಲ್ಲ, ಕಲಿತವರನ್ನು ಮುಂಗಡ ಕೊಟ್ಟು ಕಟ್ಟಿಹಾಕಿಕೊಳ್ಳುತ್ತಾರೆ. ನೇಯ್ಗೆಯ ಊರುಗಳಲ್ಲಿ ಮುಂಗಡದ ಸಾಲ ಇಷ್ಟು ಆಳವಾಗಿ ಬೇರುಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಜರ್ಮನಿ ಇದೇ ತೊಡಕನ್ನು ಬೇರೆ ರೀತಿ ಬಿಡಿಸಿತು: ಅಲ್ಲಿ 1969ರ ವೃತ್ತಿ ತರಬೇತಿ ಕಾಯ್ದೆಯ ಚೌಕಟ್ಟಿನಲ್ಲಿ ಕಲಿಯುವವರು ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಇರುತ್ತಾರೆ, ಕಲಿಯುವ ಕಾಲದಲ್ಲಿ ಭತ್ಯೆ ಸಿಗುತ್ತದೆ, ಪರೀಕ್ಷೆಯನ್ನು ಉದ್ದಿಮೆದಾರರ ಸಂಘಗಳೇ ನಡೆಸುತ್ತವೆ. ಎಲ್ಲರೂ ಕಲಿಸುವಾಗ ಒಬ್ಬರೇ ಮೋಸಹೋಗುವ ಭಯ ಇರುವುದಿಲ್ಲ.

ಬೆಲೆಯ ಇನ್ನೊಂದು ತೊಡಕು ವಿದ್ಯುತ್ ಮಗ್ಗ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಿಂದ ಇದೆ. ಹಾಗಿದ್ದೂ ನೋಟಕ್ಕೆ ಅದೇ ಅಂಚು, ಅದೇ ಬುಟ್ಟಾ ಇರುವ ಸೀರೆ ವಿದ್ಯುತ್ ಮಗ್ಗದಿಂದ ಇಳಿದು ಬರುತ್ತದೆ, ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಭೌಗೋಳಿಕ ಸೂಚ್ಯಂಕದ 1999ರ ಕಾಯ್ದೆಯಲ್ಲಿ ಇದಕ್ಕೆ ಒಂದು ಆಯುಧವಿದೆ: ನೇಕಾರರು ಅಧಿಕೃತ ಬಳಕೆದಾರರೆಂದು ಒಬ್ಬೊಬ್ಬರಾಗಿ ನೋಂದಾಯಿಸಿಕೊಂಡರೆ ಆ ಹೆಸರನ್ನು ಬಳಸುವ, ಕಾಯ್ದುಕೊಳ್ಳುವ ಹಕ್ಕು ಅವರಿಗೆ ಬರುತ್ತದೆ. ನೋಂದಣಿ ಮಾಡಿಸದೆ ಊರಿನ ಹೆಸರಿಗೆ ಮಾನ್ಯತೆ ಸಿಕ್ಕಿದೆ ಎಂದು ಹೇಳಿಕೊಂಡರೆ ಮಗ್ಗದ ಮನೆಗೆ ಏನೂ ದಕ್ಕುವುದಿಲ್ಲ.

ಊರಿನ ಹೆಸರಿನ ಜೊತೆ ಕಸುಬುದಾರರ ಹೆಸರಿನ ಮಾತೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನಗಳಿವೆ. ಅವನ್ನು ಬರೆದ ಚಪಡ ಎಂಬ ಲಿಪಿಕಾರ ಬ್ರಾಹ್ಮಿಯಲ್ಲಿ ತನ್ನ ಹೆಸರು ಬರೆದು, ಲಿಪಿಕಾರನೆಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಗುರುತು ಮಾಡಿದ್ದಾನೆ. ದೂರದಿಂದ ಬಂದಿದ್ದಿರಬಹುದಾದ ಒಬ್ಬ ಕಸುಬುದಾರನಿಗೆ ಚಕ್ರವರ್ತಿಯ ಶಾಸನದಲ್ಲಿ ತನ್ನ ಹೆಸರು ಹಾಕುವಷ್ಟು ಮನ್ನಣೆ ಇತ್ತು. ಮೊಳಕಾಲ್ಮೂರಿನ ಸೀರೆ ಅಂಗಡಿಗೆ ಹೋಗುವಾಗ ಅದರ ಮೇಲೆ ನೇಯ್ದವರ ಹೆಸರು ಇರುವುದು ಅಪರೂಪ. ಹೆಸರು ಬರೆದರೆ ಹೊಟ್ಟೆ ತುಂಬುವುದಿಲ್ಲ ನಿಜ. ಆದರೆ ಒಳ್ಳೆಯ ಕೈಗೂ ಸಾಮಾನ್ಯ ಕೈಗೂ ಒಂದೇ ಮಜೂರಿ ಸಿಗುವುದು ನೇಯ್ದವರ ಗುರುತು ಪೇಟೆಯವರೆಗೆ ತಲುಪದಿರುವುದರಿಂದಲೇ.

ಕಂಬಳಿಯ ಕಥೆ ಇನ್ನೂ ಕಷ್ಟದ್ದು. ಚಳ್ಳಕೆರೆ ಕಂಬಳಿ ಮತ್ತು ಕುರಿ ಸಂತೆಗೆ ಹೆಸರಾದ ಊರು. ಕುರಿಯ ಮೈಯಿಂದ ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸುವುದು, ಕುಣಿ ಮಗ್ಗದಲ್ಲಿ ನೇಯುವುದು ಎಲ್ಲವೂ ಆಯಾ ಮನೆಯವರಿಗೆ ಬರುವ ವಿದ್ಯೆ. ಗಂಜಿಯ ಹದ ತಪ್ಪಿದರೆ ಎಳೆ ಕಡಿಯುತ್ತದೆ. ಸರಿಯಾಗಿ ಹದಗೊಂಡ ಕಂಬಳಿ ಮಳೆಯಲ್ಲೂ ಚಳಿಯಲ್ಲೂ ಕುರಿಗಾಹಿಯ ಮನೆಯಂತೆ. ಈ ಉಣ್ಣೆ ಬರುವುದು ದಖನಿ ಕುರಿಯಿಂದ. ಪೇಟೆಯಲ್ಲಿ ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಇಳಿದಾಗ ಸಾಕುವವರು ಉಣ್ಣೆ ಇಲ್ಲದ, ಬೇಗ ತೂಕ ಕಟ್ಟುವ ತಳಿಗಳ ಕಡೆ ತಿರುಗಿದರು. ತಪ್ಪು ಅವರದಲ್ಲ. ಆದರೆ ಮಂದೆಯ ತಳಿ ಬದಲಾದರೆ ನೂಲುವ ಕೈಗೆ ಕೆಲಸವಿಲ್ಲ, ಮಗ್ಗಕ್ಕೆ ಹಾಸಿಲ್ಲ. ಹೀಗೆ ಕಳೆದುಹೋಗುವ ಕೌಶಲವನ್ನು ತರಬೇತಿ ಶಿಬಿರ ನಡೆಸಿ ಉಳಿಸಲಾಗದು. ಹುಲ್ಲುಗಾವಲು, ತಳಿ, ಉಣ್ಣೆಯ ಖರೀದಿ ಮೂರನ್ನೂ ಒಟ್ಟಿಗೆ ನೋಡಬೇಕು. ಆಡಳಿತದಲ್ಲಿ ಈ ಮೂರೂ ಮೂರು ಇಲಾಖೆಗಳಲ್ಲಿವೆ.

ಎಣ್ಣೆ ಗಿರಣಿಗಳದು ಬೇರೊಂದು ಪಾಠ. ಶೇಂಗಾದ ನಡುನೆಲವಾದ ಚಳ್ಳಕೆರೆ ಎಣ್ಣೆ ನಗರ ಎನಿಸಿಕೊಂಡಿತ್ತು. ಕಾಯಿ ಸುಲಿಯುವ ಯಂತ್ರ, ಗಾಣದ ಎಕ್ಸ್‌ಪೆಲ್ಲರ್, ಹಿಂಡಿಯ ದಾಸ್ತಾನು, ಹಮಾಲಿ, ರಿಪೇರಿಯ ಲೇತು ಅಂಗಡಿ, ಹೀಗೆ ಒಂದು ಪೇಟೆಯನ್ನೇ ಸಾಕುವಷ್ಟು ಕೆಲಸ ಅಲ್ಲಿತ್ತು. 1990ರ ದಶಕದ ನಡುವಿನಲ್ಲಿ ಖಾದ್ಯ ತೈಲದ ಆಮದು ಸಡಿಲವಾಗಿ ತಾಳೆ ಎಣ್ಣೆ ಅಗ್ಗವಾಗಿ ಬರತೊಡಗಿತು, ಜೊತೆಗೆ ಬರಗಾಲ. ಗಿರಣಿಗಳ ಸದ್ದು ತಗ್ಗಿತು. ಎಕ್ಸ್‌ಪೆಲ್ಲರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ನಿನ್ನೆಯಷ್ಟೇ ಕುಶಲಿಯಾಗಿದ್ದವನು, ಬಂದರಿನ ಸುಂಕ ಇಳಿದ ಮರುದಿನ ಬೇಡದವನಾದ. ಅಂಥವರನ್ನು ಬೇರೆ ಯಂತ್ರಗಳ ಕಡೆಗೆ ಒಯ್ಯುವ ಮರುತರಬೇತಿಯ ವ್ಯವಸ್ಥೆ ತಾಲ್ಲೂಕು ಕೇಂದ್ರಗಳಲ್ಲಿ ಇರಲಿಲ್ಲ. ವ್ಯಾಪಾರ ನೀತಿ ಬದಲಿಸುವಾಗ ಸುಂಕದ ಲೆಕ್ಕದ ಪಕ್ಕದಲ್ಲಿ ಈ ಲೆಕ್ಕವನ್ನೂ ಇಡುವುದು ಆಳುವವರ ಕರ್ತವ್ಯ.

ಇದೇ ನೆಲದಲ್ಲಿ 2008ರಿಂದ 2010ರ ನಡುವೆ ಹೊಸ ಅಧ್ಯಾಯ ತೆರೆಯಿತು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಸುತ್ತಲಿನ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಸಿಕ್ಕಿತು. ತಲೆಮಾರುಗಳಿಂದ ಅಲ್ಲಿ ದನ ಕುರಿ ಮೇಯಿಸುತ್ತಿದ್ದ ಹಳ್ಳಿಗಳು ವಿರೋಧಿಸಿದವು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕಾವಲಿನ ಹುಲ್ಲು, ಹುಲ್ಲಿನ ಮೇಲೆ ಕುರಿ, ಕುರಿಯ ಮೇಲೆ ಕಂಬಳಿ ನಿಂತಿದ್ದವು ಎಂಬುದನ್ನು ನೆನೆದರೆ ಬೇಲಿ ಹಾಕಿದಾಗ ನೆಲದ ಜೊತೆ ಒಂದು ಕಸುಬೂ ಹೊರಗೆ ಉಳಿಯಿತು ಎನ್ನಬೇಕಾಗುತ್ತದೆ.

ಬೇಲಿಯ ಒಳಗೆ ಆಗಿರುವುದು ಸಣ್ಣದಲ್ಲ. ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಇಲ್ಲಿನ ರನ್‌ವೇ ಮೇಲೆ ತಾನಾಗಿಯೇ ಇಳಿಯುವಂತೆ ಮಾಡಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಪ್ರಯೋಗ ಮತ್ತೆ ಯಶಸ್ವಿಯಾಯಿತು. ಆದರೆ ಇಂಥ ಸಂಸ್ಥೆಗಳ ವಿಜ್ಞಾನಿ, ಎಂಜಿನಿಯರ್ ಹುದ್ದೆಗಳು ದೇಶಮಟ್ಟದ ಆಯ್ಕೆಯಿಂದ ತುಂಬುತ್ತವೆ. ಸುತ್ತಲ ಹಳ್ಳಿಗಳಿಗೆ ಸುಲಭವಾಗಿ ಎಟಕುವುದು ಪಹರೆ, ತೋಟ, ಅಡುಗೆ, ಸ್ವಚ್ಛತೆಯಂಥ ಗುತ್ತಿಗೆ ಕೆಲಸ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಾಗಲೂ ಕಟ್ಟುವ ಕಾಲದಲ್ಲಿ ಇದ್ದಷ್ಟು ಕೆಲಸ ನಡೆಸುವ ಕಾಲದಲ್ಲಿ ಉಳಿಯಲಿಲ್ಲ. ದೊಡ್ಡ ಯೋಜನೆ ಬಂದ ಮಾತ್ರಕ್ಕೆ ಅದರ ಅಂಗಳದ ಜನ ಅದರೊಳಗೆ ಸೇರುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ.

ಕುದಾಪುರದಲ್ಲಿ ಹೆಚ್ಚು ದೂರ ಯೋಚಿಸಿದ ಕೆಲಸವೆಂದರೆ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರ. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ, ಗಣಿತ ಅಧ್ಯಾಪಕರು ಅಲ್ಲಿ ವಸತಿ ಸಹಿತ ಇದ್ದು ಪ್ರಯೋಗಗಳನ್ನು ತಾವೇ ಮಾಡಿ ಕಲಿಯುತ್ತಾರೆ. ತಂತಿ ಸುತ್ತಿ ಕಾಂತ ಮಾಡಿದ ಮೇಷ್ಟ್ರು ತರಗತಿಗೆ ಮರಳಿದಾಗ ಪಾಠದ ರೀತಿಯೇ ಬೇರೆಯಾಗುತ್ತದೆ. ಇಂಥ ಫಲ ಒಂದು ವರ್ಷದ ವರದಿಯಲ್ಲಿ ಕಾಣುವುದಿಲ್ಲ. ಹತ್ತನೆಯ ತರಗತಿಯಲ್ಲಿ ಅಳತೆ, ಭಿನ್ನರಾಶಿ, ವಿದ್ಯುತ್ತು ಗಟ್ಟಿಯಾಗಿ ಕಲಿತವರಿಗೆ ಮುಂದೆ ಯಾವ ಕಸುಬನ್ನು ಕಲಿಸುವುದೂ ಸುಲಭ, ಕಸುಬು ಬದಲಿಸುವುದೂ ಸುಲಭ. ಶಾಲೆಯ ತಳಪಾಯ ಇಲ್ಲದ ಕೌಶಲ ಒಂದೇ ಯಂತ್ರಕ್ಕೆ ಅಂಟಿಕೊಳ್ಳುತ್ತದೆ, ಯಂತ್ರದ ಜೊತೆಗೇ ಹೋಗುತ್ತದೆ. ಚಳ್ಳಕೆರೆಯ ಗಿರಣಿಗಳಲ್ಲಿ ಆದದ್ದನ್ನು ಇಲ್ಲಿ ಜೋಡಿಸಿ ನೋಡಬೇಕು.

ತರಬೇತಿಗೆಂದು ದೇಶ ಕಟ್ಟಿಕೊಂಡ ಏರ್ಪಾಡು ದೊಡ್ಡದೇ. ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ 1950ರದು, ಅಪ್ರೆಂಟಿಸ್ ಕಾಯ್ದೆ 1961ರದು. ಕೇಂದ್ರದಲ್ಲಿ ಕೌಶಲಕ್ಕೆ ಪ್ರತ್ಯೇಕ ಸಚಿವಾಲಯ 2014ರಲ್ಲಿ, ಕರ್ನಾಟಕದಲ್ಲಿ ಪ್ರತ್ಯೇಕ ಇಲಾಖೆ 2016ರಲ್ಲಿ ಹುಟ್ಟಿತು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಲಾಗಿದೆ. 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇರುವ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ದಿನಕ್ಕೆ 500 ರೂಪಾಯಿ ಭತ್ಯೆಯ ತರಬೇತಿ, 15,000 ರೂಪಾಯಿಯ ಸಲಕರಣೆ, ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಆದರೆ ಅದರ 18 ಕಸುಬುಗಳಲ್ಲಿ ಕಮ್ಮಾರ, ಕುಂಬಾರ, ದರ್ಜಿ ಇದ್ದಾರೆ, ನೇಕಾರರಿಲ್ಲ. ಅವರಿಗೆ ಜವಳಿ ಸಚಿವಾಲಯದ ಬೇರೆ ಯೋಜನೆಗಳಿವೆ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕಳಿಸುವ ಈ ಹಂಚಿಕೆ ಕಚೇರಿಗೆ ಅನುಕೂಲ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಿಬರುವವರಿಗೆ ಅಲ್ಲ.

ಈ ಏರ್ಪಾಡಿನಲ್ಲಿ ಕಾಣುವ ದೊಡ್ಡ ಬಿರುಕು ಅಪ್ರೆಂಟಿಸ್ ನಿಯಮದಲ್ಲಿದೆ. 2019ರ ತಿದ್ದುಪಡಿಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಸಂಸ್ಥೆ ಬೇಕಾದರೆ ತೆಗೆದುಕೊಳ್ಳಬಹುದು. ಎರಡು ಮಗ್ಗದ ಮನೆ ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮೊಳಕಾಲ್ಮೂರಿನ ನೇಕಾರರ ಸಹಕಾರ ಸಂಘವನ್ನೇ ಒಂದು ಸಂಸ್ಥೆಯೆಂದು ಪರಿಗಣಿಸಿ, ಅದರ ಸದಸ್ಯರ ಮನೆಗಳಿಗೆ ಹದಿನೆಂಟು ದಾಟಿದ ಹುಡುಗ ಹುಡುಗಿಯರನ್ನು ಎರಡು ವರ್ಷ ಭತ್ಯೆ ಸಹಿತ ಒಪ್ಪಿಸಿದರೆ ಕಾಯ್ದೆಯ ಉದ್ದೇಶ ಈಡೇರುತ್ತದೆ. ಕಲಿಸುವ ಹಿರಿಯ ನೇಕಾರರಿಗೂ ಗೌರವಧನ ಬೇಕು. ಪಕ್ಕದಲ್ಲಿ ಕಲಿಯುವವರನ್ನು ಕೂರಿಸಿಕೊಂಡರೆ ಅವರ ಸೀರೆ ತಡವಾಗುತ್ತದೆ, ಮಜೂರಿ ಕಡಿತವಾಗುತ್ತದೆ. ವಿನ್ಯಾಸ, ಬಣ್ಣದ ರಸಾಯನ, ಬೆಲೆ ಕಟ್ಟುವುದು, ಆನ್‌ಲೈನ್ ಮಾರಾಟ ಇವನ್ನು ವಾರಕ್ಕೆ ಒಂದೆರಡು ದಿನ ತರಗತಿಯಲ್ಲಿ ಕಲಿಸಬಹುದು. ಹೆಂಗಸರ ಹಾಸು, ಕಂಡಿಕೆಯ ಕೆಲಸವನ್ನು ಪ್ರತ್ಯೇಕ ಕಸುಬೆಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟು, ಸಂಘದ ಲೆಕ್ಕದಲ್ಲಿ ಅದಕ್ಕೆ ಬೇರೆ ಮಜೂರಿ ಬರೆಯಬೇಕು. ಈ ಭಾಗದ ಸಂತ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದಾಗ ದುಡಿದವರಿಗೆ ಅವರವರು ದುಡಿದಷ್ಟೇ ಕೂಲಿ ಸೇರುವಂತೆ ನೋಡಿಕೊಂಡರು ಎಂಬ ನಂಬಿಕೆ ಈ ಸೀಮೆಯಲ್ಲಿ ಇಂದಿಗೂ ಇದೆ. ಮನೆಯೊಳಗೆ ದುಡಿದವರ ಪಾಲನ್ನು ಅಳೆದು ಕೊಡುವ ಲೆಕ್ಕ ಇಲ್ಲಿನ ಜನರಿಗೆ ಹೊಸದಾಗಿ ಹೇಳಿಕೊಡಬೇಕಾದದ್ದಲ್ಲ.

ಕುದಾಪುರದ ಸಂಸ್ಥೆಗಳಿಗಂತೂ ಹೊಸ ಕಾನೂನೂ ಬೇಕಿಲ್ಲ. ಅಪ್ರೆಂಟಿಸ್ ನಿಯಮದ ಪ್ರಕಾರ ಗುತ್ತಿಗೆಯವರನ್ನೂ ಸೇರಿಸಿದ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸರನ್ನು ಸಂಸ್ಥೆಗಳು ತೆಗೆದುಕೊಳ್ಳಬೇಕು. ರನ್‌ವೇ ವಿದ್ಯುತ್ತು, ಉಪಕರಣಗಳ ಅಳತೆ ತಿದ್ದುವಿಕೆ, ಹವಾನಿಯಂತ್ರಣ, ವೆಲ್ಡಿಂಗ್, ಸೌರ ಫಲಕಗಳ ನಿರ್ವಹಣೆಗೆ ಬೇಕಾದ ಫಿಟ್ಟರ್, ಎಲೆಕ್ಟ್ರೀಷಿಯನ್‌ಗಳನ್ನು ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿನ ಐಟಿಐಗಳಿಂದ ವರ್ಷವರ್ಷ ಆರಿಸಿಕೊಂಡು, ಕನ್ನಡದಲ್ಲೇ ಸಿದ್ಧಪಡಿಸಿದ ಕೈಪಿಡಿಗಳ ಮೂಲಕ ಕಲಿಸಲು ಸಾಧ್ಯ. ಭದ್ರತೆಯ ಕಾರಣಕ್ಕೆ ಒಳಗೆ ಬಿಡಲಾಗದ ಕೆಲಸಗಳಿರುವುದು ಸಹಜ. ಅಂಥ ಕಡೆ ಬೇಲಿಯ ಹೊರಗೆ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎಲ್ಲರಿಗೂ ಸೇರಿದ ಒಂದು ಕಾರ್ಯಾಗಾರವನ್ನು ನಡೆಸಬಹುದು. ಆಯ್ಕೆಯಲ್ಲಿ ಕಾವಲು ಕಳೆದುಕೊಂಡ ಹಳ್ಳಿಗಳ ಮಕ್ಕಳಿಗೆ ಮೊದಲ ಸ್ಥಾನ ಸಲ್ಲಬೇಕು, ಹುಡುಗಿಯರಿಗೆ ಹಾಸ್ಟೆಲು ಮತ್ತು ಬಸ್ಸು ಇರಬೇಕು, ಮತ್ತು ಪ್ರತಿ ವರ್ಷ ಎಷ್ಟು ಮಂದಿ ಕಲಿತರು ಎಂಬುದರ ಜೊತೆ ಅವರಿಗೆ ಎರಡು ವರ್ಷದ ನಂತರ ಎಷ್ಟು ಸಂಬಳ ಬರುತ್ತಿದೆ ಎಂಬುದನ್ನೂ ತಾಲ್ಲೂಕು ಪಂಚಾಯಿತಿಯ ಮುಂದೆ ಇಡಬೇಕು.